ದಂಡಿನ ಕೆರೆಗಳೂ ದೂರದ ಹಕ್ಕಿಗಳೂ

ಗೌರಿ-ಗಣೇಶ ಹಬ್ಬದ ಆಸುಪಾಸಿನಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಸದ್ದಿಲ್ಲದೆ ಅತಿಥಿಯೊಂದು ಬಂದಿಳಿಯುತ್ತದೆ. ಬೂದು ಬೆನ್ನು, ಹಳದಿ ಹೊಟ್ಟೆ, ಒಂದು ಗಳಿಗೆಯೂ ಸುಮ್ಮನಿರದ ನೀಳ ಬಾಲ. ಹಲಸೂರು ಕೆರೆಯ ಅಂಚಿನಲ್ಲೋ ಇಂದಿರಾನಗರದ ಯಾವುದೋ ತಾರಸಿಯ ಮೇಲೋ ಅದು ಓಡಾಡುವುದನ್ನು ಕಾಣಬಹುದು. ಇದೇ ಬೂದು ಸಿಪಿಲೆ. ಹಿಮಾಲಯ ಹಾಗೂ ಅದರಾಚೆಯ ತಂಪು ನಾಡುಗಳಲ್ಲಿ ಮರಿಮಾಡಿ, ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುವ ಈ ಹಕ್ಕಿ ಯುಗಾದಿಯ ಹೊತ್ತಿಗೆ ಹಿಂತಿರುಗುತ್ತದೆ. ಈ ವರ್ಷ ಅದು ಯಾವ ದಿನ ಬಂತು? ಇಂಥ ಪ್ರಶ್ನೆಯನ್ನು ವಿಜ್ಞಾನಿಗಳಲ್ಲದವರು ಕೇಳುತ್ತ ಬಂದುದಕ್ಕೆ ಒಂದು ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ.

ಆ ಇತಿಹಾಸದ ಮೊದಲ ಅಧ್ಯಾಯ ಬಂದೂಕಿನದು. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಸ್ಥಾಪಿಸಿದಾಗ ಸುತ್ತಲೂ ಕೆರೆ, ಗದ್ದೆಗಳೇ ಇದ್ದವು. ಚಳಿಗಾಲದಲ್ಲಿ ಬಾತುಗಳನ್ನೂ, ಸಾಹೇಬರು ಸ್ನೈಪ್ ಎನ್ನುತ್ತಿದ್ದ ಉದ್ದಕೊಕ್ಕಿನ ಜೌಗುಹಕ್ಕಿಯನ್ನೂ ಹೊಡೆಯುವುದು ಆ ಕಾಲದ ಸೇನಾಧಿಕಾರಿಗಳಿಗೆ ಮೆಚ್ಚಿನ ವಿನೋದ. ಯಾವ ಹಕ್ಕಿ ಯಾವ ತಿಂಗಳಲ್ಲಿ ಬರುತ್ತದೆಂಬುದು ಬೇಟೆಗಾರನಿಗೆ ತಿಳಿದಿರಲೇಬೇಕಿತ್ತು. ಈ ತಿಳಿವಳಿಕೆಯನ್ನು ಇಡೀ ದೇಶದಿಂದ ಪತ್ರಗಳ ಮೂಲಕ ಕಲೆಹಾಕಿದವನು ಎ. ಒ. ಹ್ಯೂಮ್. 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಮುಂದಾದ ಅಧಿಕಾರಿ ಈತನೇ. 1870ರ ದಶಕದಲ್ಲಿ ಆತ ಹೊರತಂದ ‘ಸ್ಟ್ರೇ ಫೆದರ್ಸ್’ ಪತ್ರಿಕೆಗೆ ಬರೆದವರಲ್ಲಿ ಹೆಚ್ಚಿನವರು ಸೇನೆ, ಅರಣ್ಯ, ಕಂದಾಯದ ನೌಕರರು. ಹಕ್ಕಿ ಅವರಿಗೆ ಹವ್ಯಾಸ.

ಎರಡನೆಯ ಅಧ್ಯಾಯದಲ್ಲಿ ಬಂದೂಕಿನ ಜಾಗಕ್ಕೆ ಟಿಪ್ಪಣಿ ಪುಸ್ತಕ ಬಂತು. ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಹಕ್ಕಿ ಹೊಡೆಯುವ ರೂಢಿಯಿತ್ತು. ಹೊಡೆಯುವ ಬದಲು ಎಣಿಸೋಣವೆಂದು ಫ್ರಾಂಕ್ ಚಾಪ್‌ಮನ್ 1900ರಲ್ಲಿ ಕರೆಕೊಟ್ಟ. ನಮ್ಮ ದೇಶದಲ್ಲಿ ಜಾಫರ್ ಫತೇಹಳ್ಳಿಯವರು 1959ರಲ್ಲಿ ಆರಂಭಿಸಿದ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಹವ್ಯಾಸಿಗಳಿಗೆ ವೇದಿಕೆಯಾಯಿತು. ಮುಂದೆ ಅದು ಬೆಂಗಳೂರಿನಿಂದಲೇ ಪ್ರಕಟವಾಯಿತು. 1970ರ ದಶಕದ ಆರಂಭದಲ್ಲಿ ಡಾ. ಜೋಸೆಫ್ ಜಾರ್ಜ್ ಮತ್ತು ಸ್ನೇಹಿತರು ಕಟ್ಟಿದ ಬೆಂಗಳೂರಿನ ಪಕ್ಷಿವೀಕ್ಷಕರ ಕ್ಷೇತ್ರ ಸಂಘ ಊರಿನ ಹಕ್ಕಿಗಳ ಟಿಪ್ಪಣಿಗಳನ್ನು ಒಟ್ಟುಗೂಡಿಸತೊಡಗಿತು. 1994ರಲ್ಲಿ ಅದು ಬೆಂಗಳೂರಿನ ಹಕ್ಕಿಗಳ ಟಿಪ್ಪಣಿಸಹಿತ ಪಟ್ಟಿಯನ್ನು ಪ್ರಕಟಿಸಿತು.

ಒಬ್ಬರ ದಿನಚರಿಯಲ್ಲಿರುವ ಒಂದು ತಾರೀಖಿನಿಂದ ಹೆಚ್ಚೇನೂ ತಿಳಿಯದು. ಆ ದಿನ ಅವರು ಕೆರೆಯ ಕಡೆ ಹೋಗದಿದ್ದರೆ ಹಕ್ಕಿ ‘ತಡವಾಗಿ’ ಬಂದಂತೆ ತೋರುತ್ತದೆ. ನೂರಾರು ಜನ ಹಲವು ವರ್ಷ ಬರೆದಾಗ ಮಾತ್ರ ಇಂಥ ಲೋಪಗಳು ತಗ್ಗಿ ನಿಜವಾದ ಚಿತ್ರ ಮೂಡುತ್ತದೆ. ಈ ಉದ್ದೇಶದಿಂದಲೇ ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯಲ್ಲಿ 2007ರಲ್ಲಿ ‘ಮೈಗ್ರಂಟ್‌ವಾಚ್’ ಯೋಜನೆ ಹುಟ್ಟಿತು. ಮೊದಲು ಒಂಬತ್ತು ಜಾತಿಯ ವಲಸೆ ಹಕ್ಕಿಗಳನ್ನಷ್ಟೇ ಆಯ್ದು, ಅವು ಮೊದಲು ಕಂಡ ದಿನವನ್ನು ಬರೆದು ಕಳಿಸುವಂತೆ ಜನರನ್ನು ಕೇಳಲಾಯಿತು. ಈಗ ಇಂಥ ದಾಖಲೆ 2002ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಇ-ಬರ್ಡ್’ ಎಂಬ ಜಾಗತಿಕ ಕಡತಕ್ಕೆ ಸೇರುತ್ತದೆ. ಅಲ್ಲಿ ಕಂಡ ಎಲ್ಲ ಹಕ್ಕಿಗಳ ಪಟ್ಟಿ ಕೊಡುವುದು ಮುಖ್ಯ. ಪೂರ್ತಿ ಪಟ್ಟಿಯಲ್ಲಿ ಸಿಪಿಲೆಯ ಹೆಸರಿಲ್ಲವೆಂದರೆ ನೋಡಿದವರಿಗೆ ಅದು ಕಾಣಲಿಲ್ಲವೆಂದು ಅರ್ಥ. ಅದೂ ಒಂದು ಮಾಹಿತಿಯೇ.

ಬೆಂಗಳೂರಿಗೆ ಈ ಲೆಕ್ಕ ಏಕೆ ಬೇಕೆಂಬುದಕ್ಕೆ ದಂಡಿನ ಕೆರೆಗಳೇ ಉತ್ತರ ಹೇಳುತ್ತವೆ. ಶೂಲೆ ಕೆರೆ ಇದ್ದಲ್ಲಿ ಇಂದು ಫುಟ್‌ಬಾಲ್ ಕ್ರೀಡಾಂಗಣವಿದೆ. ಸಂಪಂಗಿ ಕೆರೆಯ ಬಹುಭಾಗ ಕಂಠೀರವ ಕ್ರೀಡಾಂಗಣದ ಅಡಿಯಲ್ಲಿದೆ. ಮಿಲ್ಲರ್ಸ್ ಕೆರೆ ರಸ್ತೆಯ ಹೆಸರಾಗಿ ಉಳಿದಿದೆ. ಅವು ತುಂಬಿದ್ದ ಕಾಲದಲ್ಲಿ ವರ್ಷವರ್ಷವೂ ಯಾರಾದರೂ ಎಣಿಸಿ ಬರೆದಿಟ್ಟಿದ್ದರೆ, ಊರು ಕಳೆದುಕೊಂಡದ್ದೇನೆಂದು ಲೆಕ್ಕ ಹಾಕಿ ಹೇಳಬಹುದಿತ್ತು.

ಉಳಿದ ಕೆರೆಗಳ ಸ್ಥಿತಿಯೂ ನೆಮ್ಮದಿಯದಲ್ಲ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿ ಸತ್ತವು. ಕೆ.ಆರ್. ಪುರದಿಂದ ಮುಂದೆ, ಹೊಸಕೋಟೆ ದಾರಿಯ ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ ಚಳಿಗಾಲದ ಬಾತುಗಳು ಇನ್ನೂ ಇಳಿಯುತ್ತವೆ. 1987ರಲ್ಲಿ ಆರಂಭವಾದ ಏಷ್ಯಾದ ನೀರುಹಕ್ಕಿ ಗಣತಿ ಜನವರಿಯಲ್ಲಿ ನಡೆಯುತ್ತದೆ. ಕೆರೆ ಒತ್ತುವರಿಯ ವಿರುದ್ಧ ವಾದಿಸುವವರಿಗೆ ‘ಹಿಂದೆ ತುಂಬಾ ಹಕ್ಕಿ ಬರುತ್ತಿದ್ದವು’ ಎಂಬ ಹಿರಿಯರ ಮಾತಿಗಿಂತ ಇಂಥ ಗಣತಿಯ ತಾರೀಖು, ಸಂಖ್ಯೆಗಳೇ ಗಟ್ಟಿ ಆಧಾರ.

ಇದಕ್ಕೆ ದೊಡ್ಡ ವಿದ್ಯೆಯೇನೂ ಬೇಕಿಲ್ಲ. ನಾಲ್ಕು ಹಕ್ಕಿಗಳ ಗುರುತು, ಒಂದು ನೋಟ್‌ಬುಕ್, ದಿನವೂ ಹತ್ತು ನಿಮಿಷ ಸಾಕು. ಶಿವಾಜಿನಗರದ ಕಿಷ್ಕಿಂಧೆಯಂಥ ಓಣಿಯ ಮೇಲಿನ ಆಕಾಶದಲ್ಲೂ ಕವಲುತೋಕೆಗಳು ಹಾರುತ್ತವೆ. ‘ಬಂತು’ ಎಂದು ಬರೆಯುವ ದಿನ ಸಂತೋಷದ್ದು. ‘ಇನ್ನೂ ಬರಲಿಲ್ಲ’ ಎಂದು ಬರೆಯಬೇಕಾದ ದಿನಗಳನ್ನೂ ತಪ್ಪದೆ ಬರೆದಿಟ್ಟರೆ, ಮುಂದಿನವರಿಗೆ ಈ ಊರಿನ ನಿಜವಾದ ಚರಿತ್ರೆ ಸಿಕ್ಕೀತು.