ನಿತ್ಯಪುಷ್ಪ ಮತ್ತು ಜೀವಕಣದ ಮರಣ: ಕಾಲನಿರ್ಣಯದ ಒಂದು ಪ್ರಶ್ನೆ

ನಮ್ಮ ಮನೆಯಂಗಳಗಳಲ್ಲಿ ನಿತ್ಯಪುಷ್ಪವೆಂದೂ ಕಾಶಿಕಣಗಿಲೆಯೆಂದೂ ಕರೆಯಿಸಿಕೊಳ್ಳುವ ಗಿಡದ ಮೂಲಸ್ಥಾನ ಮಡಗಾಸ್ಕರ್ ದ್ವೀಪ. ಅದರ ಎಲೆಗಳಲ್ಲಿ ದೊರೆಯುವ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ದ್ರವ್ಯಗಳು ಕ್ಯಾನ್ಸರಿನ ಜೀವಕಣಗಳನ್ನು ಆತ್ಮನಾಶಕ್ಕೆ ಪ್ರೇರಿಸುತ್ತವೆ. ಅಂತಹ ದ್ರವ್ಯವನ್ನೇ ಅರಸಿ ಕೆನಡಾದ ವಿದ್ವಾಂಸರು ಇವನ್ನು ಕಂಡುಕೊಂಡರೆಂದು ಬರೆದುಬಿಡುವುದು ಸುಲಭ. ಹಾಗೆ ಬರೆದರೆ ಎರಡು ಬೇರೆಬೇರೆ ಕಾಲಗಳನ್ನು ಬೆರೆಸಿದಂತಾಗುವುದೆಂಬುದೇ ನಮ್ಮ ಆಕ್ಷೇಪಣೆ.

ಅವರು ಅರಸುತ್ತಿದ್ದುದು ಮಧುಮೇಹಕ್ಕೆ ಮದ್ದನ್ನು. ಜಮೈಕಾದಲ್ಲಿ ಈ ಎಲೆಯ ಕಷಾಯವನ್ನು ಆ ರೋಗಕ್ಕೆ ಕುಡಿಯುವ ರೂಢಿಯಿದ್ದಿತು. 1952ರಲ್ಲಿ ಅಲ್ಲಿಂದ ಕೆಲವು ಎಲೆಗಳು ವೈದ್ಯ ಕ್ಲಾರ್ಕ್ ನೋಬಲರ ಕೈಸೇರಿದುವು. ಅವರು ಅವನ್ನು ವೆಸ್ಟರ್ನ್ ಒಂಟೇರಿಯೋ ವಿಶ್ವವಿದ್ಯಾನಿಲಯದಲ್ಲಿದ್ದ ತಮ್ಮ ರಾಬರ್ಟರಿಗೆ ಒಪ್ಪಿಸಿದರು. ಸಾರವನ್ನು ಬಾಯಿಯ ಮೂಲಕ ಕೊಟ್ಟಾಗ ಇಲಿಗಳ ರಕ್ತದ ಸಕ್ಕರೆ ಇಳಿಯಲಿಲ್ಲ. ಸೂಜಿಯಿಂದ ಚುಚ್ಚಿದಾಗಲಾದರೋ, ಇಲಿಗಳು ಕೆಲವೇ ದಿನಗಳಲ್ಲಿ ಸೋಂಕು ತಗುಲಿ ಸತ್ತುವು. ಪ್ರಯೋಗವನ್ನು ಅಲ್ಲಿಗೇ ಕೈಬಿಡಬಹುದಾಗಿತ್ತು. ಸಾವಿನ ಕಾರಣವನ್ನು ವಿಚಾರಿಸಿದುದರಿಂದ ಬಿಳಿಯ ರಕ್ತಕಣಗಳು ಕುಸಿದಿದ್ದುದೂ ಅಸ್ಥಿಮಜ್ಜೆ ಕುಂದಿದ್ದುದೂ ತಿಳಿದುಬಂದುವು. ರಕ್ತಕ್ಯಾನ್ಸರಿನಲ್ಲಿ ಬಿಳಿಯ ಕಣಗಳು ಮಿತಿಮೀರಿ ಹೆಚ್ಚುವುದರಿಂದ ಈ ಸಂಗತಿಗೆ ಮಹತ್ತ್ವ ಬಂದಿತು. ರಸಾಯನಜ್ಞ ಚಾರ್ಲ್ಸ್ ಬಿಯರ್ ವಿನ್‌ಬ್ಲಾಸ್ಟಿನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. 1958ರಲ್ಲಿ ಪ್ರಕಟವಾದ ಪ್ರಬಂಧದ ಶೀರ್ಷಿಕೆಯಲ್ಲಿಯೇ ಇವರು ಆಕಸ್ಮಿಕ ವೀಕ್ಷಣೆಯ ಮಾತನ್ನೆತ್ತಿದ್ದಾರೆ. ಅದು ವಿನಯದ ಮಾತೆಂದು ನಮ್ಮ ಅಭಿಪ್ರಾಯ. ಇಲಿ ಸತ್ತುದು ಆಕಸ್ಮಿಕವಾಗಿರಬಹುದು, ಅದರ ರಕ್ತವನ್ನು ಪರೀಕ್ಷಿಸಿದುದು ಆಕಸ್ಮಿಕವಲ್ಲ.

ಅದೇ ಕಾಲದಲ್ಲಿ ಅಮೆರಿಕದ ಇಲೈ ಲಿಲಿ ಸಂಸ್ಥೆಯಲ್ಲಿ ಗಾರ್ಡನ್ ಸ್ವೊಬೋಡ ಮೊದಲಾದವರು ಸ್ವತಂತ್ರವಾಗಿ ಇದೇ ಗಿಡವನ್ನು ಪರಿಶೋಧಿಸುತ್ತಿದ್ದರು. ಅಲ್ಲಿ ದೊರೆತ ವಿನ್‌ಕ್ರಿಸ್ಟಿನಿಗೆ 1963ರಲ್ಲಿ ಆ ದೇಶದ ಸರ್ಕಾರದ ಸಮ್ಮತಿ ದೊರೆಯಿತು.

ಈ ದ್ರವ್ಯಗಳ ಕಾರ್ಯವಿಧಾನದ ಅರಿವಾದರೂ ಹಂತಹಂತವಾಗಿ ಮೂಡಿತು. ಜೀವಕಣವು ಇಬ್ಭಾಗವಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಸೆಳೆಯಲು ಕದಿರಿನಾಕಾರದಲ್ಲಿ ಸೂಕ್ಷ್ಮನಾಳಗಳು ಏರ್ಪಡುತ್ತವೆ. ಟ್ಯೂಬುಲಿನ್ ಎಂಬ ಪ್ರೋಟೀನಿನಿಂದ ಅವು ಕಟ್ಟಲ್ಪಡುತ್ತವೆ. ನಿತ್ಯಪುಷ್ಪದ ದ್ರವ್ಯ ಟ್ಯೂಬುಲಿನಿಗೆ ಅಂಟಿಕೊಂಡು ಕದಿರು ಕಟ್ಟದಂತೆ ತಡೆಯುತ್ತದೆ. ವಿಭಜನೆ ಅರ್ಧದಲ್ಲಿಯೇ ನಿಲ್ಲುತ್ತದೆ. ಹೀಗೆ ಸಿಕ್ಕಿಕೊಂಡ ಜೀವಕಣ ಅನೇಕವೇಳೆ ತನ್ನೊಳಗಿನ ಮರಣಕ್ರಮವನ್ನು ತಾನೇ ಆರಂಭಿಸುತ್ತದೆ. ಅಸ್ಥಿಮಜ್ಜೆಯಲ್ಲಿ ವಿಭಜನೆ ಎಡೆಬಿಡದೆ ನಡೆಯುವುದರಿಂದ, ನೋಬಲರ ಇಲಿಗಳಲ್ಲಿ ಮೊದಲು ಪೆಟ್ಟು ಬಿದ್ದುದು ಅಲ್ಲಿಗೇ.

ಈ ಕ್ರಮಬದ್ಧ ಮರಣಕ್ಕೆ ಅಪೊಪ್ಟೋಸಿಸ್ ಎಂಬ ಹೆಸರು ಬಂದುದು 1972ರಲ್ಲಿ. ಕೆರ್, ವೈಲಿ, ಕ್ಯೂರಿ ಎಂಬ ಮೂವರು ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಪದವೊಂದನ್ನು ಆರಿಸಿಕೊಂಡರು. ಅಷ್ಟು ಹೊತ್ತಿಗೆ ವಿನ್‌ಕ್ರಿಸ್ಟಿನನ್ನು ರಕ್ತಕ್ಯಾನ್ಸರಿನ ಮಕ್ಕಳಿಗೆ ಕೊಡತೊಡಗಿ ಸುಮಾರು ಹತ್ತು ವರ್ಷಗಳಾಗಿದ್ದುವು.