ಬ್ಯಾಟರಿ ಪ್ಯಾಕ್ ಬೆಸುಗೆ: ವಿಧಾನಗಳ ಇತಿಹಾಸ

ಪ್ಯಾಕಿನ ಸೆಲ್‌ಗಳ ನಡುವೆ ವಿದ್ಯುತ್ ಹರಿಯುವಂತೆ ಲೋಹದ ಪಟ್ಟಿ, ತಂತಿ ಅಥವಾ ಬಸ್‌ಬಾರನ್ನು ಸೆಲ್ಲಿನ ತುದಿಗೆ ಬೆಸೆಯುವ ವಿಧಾನಗಳು ಬೆಳೆದುಬಂದ ಬಗೆ. ಸ್ಪಾಟ್ ವೆಲ್ಡಿಂಗನ್ನು ಅಲ್ಟ್ರಾಸಾನಿಕ್ ಹಿಂದಿಕ್ಕಿತು, ಆಮೇಲೆ ಲೇಸರ್ ಬಂದು ಎರಡನ್ನೂ ಬದಿಗೆ ಸರಿಸಿತು ಎಂಬ ವಿವರಣೆ ಹಲವೆಡೆ ಸಿಗುತ್ತದೆ. ಅದು ಸರಿಯಲ್ಲ. ಮೂರೂ ಇಂದಿಗೂ ಬಳಕೆಯಲ್ಲಿವೆ. ಯಾವುದು ಎಲ್ಲಿ ಸಲ್ಲುತ್ತದೆ ಎಂಬುದು ಸೆಲ್ಲಿನ ಆಕಾರ ಮತ್ತು ಲೋಹವನ್ನು ಅವಲಂಬಿಸಿದೆ.

ಸೀಸ–ಆಮ್ಲ ಬ್ಯಾಟರಿಗಳಲ್ಲಿ ಸೀಸದ ಕೊಂಡಿಗಳನ್ನು ಗ್ಯಾಸ್ ಜ್ವಾಲೆಯಲ್ಲಿ ಕರಗಿಸಿ ಕೂಡಿಸುತ್ತಿದ್ದರು. ಲೋಹದ ಡಬ್ಬಿಯ ಸಣ್ಣ ಸೆಲ್‌ಗಳಿಗೆ ನೆರವಾದದ್ದು ಎಲಿಹು ಥಾಮ್ಸನ್ 1886ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ರೆಸಿಸ್ಟೆನ್ಸ್ ವೆಲ್ಡಿಂಗ್. ಲಿಥಿಯಂ ಸೆಲ್ಲಿನ ಒಳಪದರವಾದ ಪಾಲಿಎಥಿಲೀನ್ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ತವರ–ಸೀಸದ ಸಾಲ್ಡರಿಗೆ 183 ಡಿಗ್ರಿ ಬೇಕು. ಹೀಗಾಗಿ ಸಾಲ್ಡರ್ ಕಡ್ಡಿ ಹಿಡಿದು ಕೂರುವಂತಿರಲಿಲ್ಲ. ರೆಸಿಸ್ಟೆನ್ಸ್ ವೆಲ್ಡಿಂಗಿನ ಒಂದು ಬಗೆಯಾದ ಸ್ಪಾಟ್ ವೆಲ್ಡಿಂಗಿನ ಶಾಖ ಕೆಲವೇ ಮಿಲಿಸೆಕೆಂಡು ಇರುತ್ತದೆ. ಅದರ ಜಾಣ್ಮೆ ನಿಕಲ್ ಪಟ್ಟಿಯ ನಡುವಿನ ಸೀಳಿನಲ್ಲಿದೆ. ಎರಡು ಎಲೆಕ್ಟ್ರೋಡ್‌ಗಳು ಸೀಳಿನ ಆಚೀಚೆ ಕೂರುವುದರಿಂದ, ಪಟ್ಟಿಯ ಮೇಲ್ಮೈಯಲ್ಲೇ ಹಾದುಹೋಗಬಹುದಾಗಿದ್ದ ಕರೆಂಟು ಕೆಳಗಿಳಿದು ಡಬ್ಬಿಯ ಮೂಲಕ ಸುತ್ತಿ ಬರುತ್ತದೆ. ಬೆಸುಗೆ ಗಟ್ಟಿಯಾಗಿದ್ದರೆ, ಪಟ್ಟಿಯನ್ನು ಇಕ್ಕಳದಿಂದ ಕಿತ್ತಾಗ ನಿಕಲ್ ಹರಿದು ಗುಂಡಿಯಂಥ ಚೂರು ಸೆಲ್ಲಿಗೇ ಅಂಟಿಕೊಂಡು ಉಳಿಯುತ್ತದೆ. ತಾಮ್ರ ಮಾತ್ರ ಇದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅದರ ರೋಧ ತೀರ ಕಡಿಮೆ, ಶಾಖವೂ ನಿಲ್ಲುವುದಿಲ್ಲ.

ವಿದ್ಯುತ್ ಕಾರುಗಳು ಬಂದ ಮೇಲೆ ದಾರಿಗಳು ಕವಲೊಡೆದವು. 2010ರ ಕೊನೆಯಲ್ಲಿ ಬಂದ ಷೆವರ್ಲೆ ವೋಲ್ಟ್‌ನಲ್ಲಿ ಚೀಲದಂಥ 288 ಪೌಚ್ ಸೆಲ್‌ಗಳಿದ್ದವು. ಪೌಚ್ ಸೆಲ್ಲಿನ ಒಂದು ನಾಲಗೆ ತಾಮ್ರದ್ದು, ಇನ್ನೊಂದು ಅಲ್ಯೂಮಿನಿಯಂನದು; ಎರಡನ್ನೂ ಕರಗಿಸಿ ಬೆರೆಸಿದರೆ ಪೆಡಸಾದ ಸಂಯುಕ್ತ ಹುಟ್ಟಿ ಬಿರುಕು ಬಿಡಬಹುದು. ಲೋಹವನ್ನು ಕರಗಿಸದೆ ಕಂಪನದಿಂದ ಬೆಸೆಯುವ ಅಲ್ಟ್ರಾಸಾನಿಕ್ ಇಲ್ಲಿ ಗೆದ್ದಿತು. ಆದರೆ ನಾಲಗೆಗಳನ್ನು ಹೀಗೆ ಬೆಸೆಯಲು ಅಡಿಯಿಂದ ಆಸರೆ ಬೇಕು, ಮುಚ್ಚಿದ ದುಂಡು ಡಬ್ಬಿಯಲ್ಲಿ ಆ ಆಸರೆಗೆ ಜಾಗವಿಲ್ಲ. 2012ರ ಟೆಸ್ಲಾ ಮಾಡೆಲ್ ಎಸ್ ಕಾರಿನ ದುಂಡು ಸೆಲ್‌ಗಳಿಗೆ ತೆಳು ಅಲ್ಯೂಮಿನಿಯಂ ತಂತಿ ಹಾಕಿದರು; ಸೆಲ್ ಕೆಟ್ಟು ಕರೆಂಟು ಮಿತಿಮೀರಿದರೆ ತಂತಿಯೇ ಫ್ಯೂಸಿನಂತೆ ಕಡಿದುಹೋಗುತ್ತದೆ. ಸೆಮಿಕಂಡಕ್ಟರ್ ಉದ್ಯಮದಿಂದ ಬಂದ ಈ ವೈರ್ ಬಾಂಡಿಂಗನ್ನು ವಿಧಾನಗಳ ಪಟ್ಟಿಗಳಲ್ಲಿ ಬೇರೆಯೆಂದು ತೋರಿಸುವುದುಂಟು. ಆದರೆ ತಂತಿಯನ್ನು ಕೂಡಿಸುವುದು ಇಲ್ಲಿಯೂ ಅಲ್ಟ್ರಾಸಾನಿಕ್ ಕಂಪನವೇ.

ಲೇಸರೇ ಮೇಲು ಎಂಬ ಮಾತಿಗೆ ಆಧಾರವಾಗಿ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರ 2015ರ ಹೋಲಿಕೆಯನ್ನು ಉಲ್ಲೇಖಿಸುತ್ತಾರೆ. ಮೂರೂ ವಿಧಾನಗಳನ್ನು ಒಂದೇ ಅಳತೆಗೋಲಿನಲ್ಲಿಟ್ಟು ನೋಡಿದ ಬೆಲೆಯುಳ್ಳ ಕೆಲಸವದು. ಸಂಪರ್ಕ ರೋಧದಲ್ಲಿ ಲೇಸರ್ ಮುಂದಿತ್ತು. ಆದರೆ ಮಾದರಿಗಳು ಹಿತ್ತಾಳೆಯವು. ಆ ಫಲಿತಾಂಶವನ್ನು ತಾಮ್ರ–ಅಲ್ಯೂಮಿನಿಯಂ ಜೋಡಿಗೆ ಹಾಗೆಯೇ ಅನ್ವಯಿಸಲಾಗದು. ತಣ್ಣಗಿನ ತಾಮ್ರ ಅತಿಗೆಂಪು ಲೇಸರಿನ ಬೆಳಕನ್ನು ಬಹುಪಾಲು ಹಿಂದಕ್ಕೆ ಚಿಮ್ಮಿಸುತ್ತದೆ. ತಾಮ್ರ ಚೆನ್ನಾಗಿ ಹೀರುವ ಹಸಿರು, ನೀಲಿ ಲೇಸರ್‌ಗಳು ಹೆಚ್ಚು ಶಕ್ತಿಯಲ್ಲಿ ಕೈಗೆ ಬಂದದ್ದು ಈಚೆಗೆ.

ಬಿಚ್ಚಲು ಬಾರದ ಬೆಸುಗೆ ಈಗ ಕಾನೂನಿನ ವಿಷಯವೂ ಆಗಿದೆ. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ನಿಯಮದಂತೆ, ಇ-ಸೈಕಲ್‌ನಂಥ ಹಗುರ ವಾಹನಗಳ ಪ್ಯಾಕಿನ ಬಿಡಿ ಸೆಲ್‌ಗಳನ್ನೂ ಸ್ವತಂತ್ರ ಕುಶಲಕರ್ಮಿ ತೆಗೆದು ಬದಲಿಸುವಂತಿರಬೇಕು. ಇದು 2027ರ ಫೆಬ್ರವರಿ 18ರಿಂದ ಅನ್ವಯ.