ಮರಳಿಗೆ ಎಷ್ಟು ಗಾಳಿ?

ಮೋಟಾರು ಮರುಭೂಮಿಯನ್ನು ದಾಟಿದ ಕತೆ ಹೇಳುವವರೆಲ್ಲ ಎಂಜಿನ್ನಿನಿಂದ ಶುರುಮಾಡುತ್ತಾರೆ. ಎಷ್ಟು ಕುದುರೆಶಕ್ತಿ, ಎಷ್ಟು ಗೇರು, ನಾಲ್ಕೂ ಚಕ್ರಕ್ಕೆ ಎಳೆತ ಇತ್ತೋ ಇಲ್ಲವೋ ಎಂದು ಲೆಕ್ಕ ಹಾಕುತ್ತಾರೆ. ನಾನು ಬೈಂದೂರಿನವನು, ಶಾರ್ಜಾದ ಟಯರ್ ಅಂಗಡಿಯಲ್ಲಿ ದುಡಿದು ತಲೆ ನೆರೆದವನು. ನನ್ನ ಪಾಲಿಗೆ ಆ ಕತೆ ಶುರುವಾಗುವುದು ಟಯರಿನ ವಾಲ್ವಿನಿಂದ. 1930ರಲ್ಲಿ ಈಜಿಪ್ಟಿನ ಪಶ್ಚಿಮದ ಮಹಾ ಮರಳು ಸಾಗರಕ್ಕೆ ಇಳಿದ ಫೋರ್ಡ್ ಮಾಡೆಲ್ ಎ ಕಾರುಗಳ ಎಂಜಿನ್ 40 ಕುದುರೆಶಕ್ತಿಯದು. ಎಳೆತ ಇದ್ದದ್ದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಇಂದು ನಮ್ಮ ಅಂಗಡಿಯ ಮುಂದೆ ಬಂದು ನಿಲ್ಲುವ ಸಣ್ಣ ಕಾರಿಗೂ ಅದರ ದುಪ್ಪಟ್ಟು ಬಲ ಇರುತ್ತದೆ.

ಆ ಮರಳು ಎಂಥದೆಂದು ತಿಳಿಯಲು 1874ಕ್ಕೆ ಹೋಗಬೇಕು. ಜರ್ಮನಿಯ ಗೆರ್‌ಹಾರ್ಡ್ ರೋಲ್ಫ್ಸ್ ಒಂಟೆಗಳ ದಂಡು ಕಟ್ಟಿಕೊಂಡು ದಾಖ್ಲಾ ಓಯಸಿಸ್ಸಿನಿಂದ ಪಶ್ಚಿಮಕ್ಕೆ, ಕುಫ್ರಾ ಓಯಸಿಸ್ಸಿನ ಕಡೆಗೆ ಹೊರಟರು. ಉತ್ತರದಿಂದ ದಕ್ಷಿಣಕ್ಕೆ ಸಾಲು ಸಾಲಾಗಿ ಬಿದ್ದಿರುವ ದಿಬ್ಬಗಳು ಅಡ್ಡ ನಿಂತವು. ಒಂದನ್ನು ಹತ್ತಿ ಇಳಿದರೆ ಮುಂದೆ ಇನ್ನೊಂದು. ಕೊನೆಗೆ ಅವರು ಸಾಲುಗಳ ನಡುವಿನ ದಾರಿ ಹಿಡಿದು ಉತ್ತರಕ್ಕೆ ತಿರುಗಿ ಸೀವಾ ಓಯಸಿಸ್ ಸೇರಿದರು. ಒಂಟೆಯೇ ಸೋತಲ್ಲಿ ಚಕ್ರ ಹೋದೀತೆಂದು ಮುಂದಿನ ಐವತ್ತು ವರ್ಷ ಯಾರೂ ನಂಬಲಿಲ್ಲ.

ನಂಬದಿರಲು ಕಾರಣವೂ ಇತ್ತು. ಆ ಕಾಲದ ಟಯರು ಮರಳಿಗೆ ಹೇಳಿಸಿದ್ದಲ್ಲ. ಫೋರ್ಡ್ ಮಾಡೆಲ್ ಟಿ ಕಾರಿನ ಮೂರೂವರೆ ಇಂಚಿನ ಸಪೂರ ಟಯರಿಗೆ 55–60 ಪೌಂಡ್ ಗಾಳಿ ಹಾಕುತ್ತಿದ್ದರು. ಗಾಡಿಯ ಭಾರವೆಲ್ಲ ಅಂಗೈಯಗಲದ ಜಾಗದಲ್ಲಿ ಕೂತು, ಮರಳನ್ನು ಕೊಯ್ದುಕೊಂಡು ಕೆಳಗಿಳಿಯುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಲಿಬಿಯಾದ ಸೆನುಸ್ಸಿ ಪಂಗಡದವರ ಎದುರು ಬ್ರಿಟಿಷರ ಲಘು ಕಾರು ಪಡೆಗಳು ಇಂಥ ಫೋರ್ಡುಗಳಲ್ಲೇ ಲಿಬಿಯಾ ಮರುಭೂಮಿಯ ಅಂಚನ್ನು ಸುತ್ತಿ ನಕ್ಷೆ ಬರೆದವು. ಅವರ ಧೈರ್ಯ ದೊಡ್ಡದು. ಆದರೆ ದೊಡ್ಡ ದಿಬ್ಬಗಳ ಒಳನಾಡು ಹಾಗೆಯೇ ಉಳಿಯಿತು. ಅತ್ತ ಫ್ರಾನ್ಸಿನ ಸಿಟ್ರೊಯನ್ ಕಂಪನಿ ಹಿಂಬದಿಯ ಚಕ್ರವನ್ನೇ ಕೈಬಿಟ್ಟು ರಬ್ಬರಿನ ಪಟ್ಟಿ ಸುತ್ತಿದ ಗಾಡಿಗಳಲ್ಲಿ 1922ರ ಡಿಸೆಂಬರಿನಲ್ಲಿ ಹೊರಟು, ಟುಗ್ಗುರ್ಟ್‌ನಿಂದ ಟಿಂಬಕ್ಟುವಿಗೆ ಸಹಾರಾ ದಾಟಿತು. ಭಾರವನ್ನು ಹರಡಬೇಕು ಎಂಬುದು ಅವರಿಗೂ ಹೊಳೆದಿತ್ತು. ಅದಕ್ಕೆ ಹೊಸ ಯಂತ್ರವನ್ನೇ ಕಟ್ಟಿದರು.

1923ರಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪನಿ ಬಲೂನ್ ಟಯರನ್ನು ಮಾರುಕಟ್ಟೆಗೆ ತಂದಿತು. ಹೊಟ್ಟೆ ಅಗಲ, ಗೋಡೆ ತೆಳು, ಗಾಳಿ ಕಮ್ಮಿ. ಊರಿನ ರಸ್ತೆಯಲ್ಲಿ ಕುಲುಕಾಟ ತಪ್ಪಿಸಲೆಂದು ಮಾಡಿದ್ದು. ಮಾಡೆಲ್ ಎ ಬರುವ ಹೊತ್ತಿಗೆ 35 ಪೌಂಡ್ ಸಾಕಾಯಿತು. ಈ ಕಾರನ್ನು ಮರಳಿಗೆ ಒಯ್ದವರಲ್ಲಿ ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮುಖ್ಯರು. ಎಂಜಿನಿಯರಿಂಗ್ ಓದಿದವರು, 1926ರಲ್ಲಿ ಈಜಿಪ್ಟಿಗೆ ವರ್ಗವಾಗಿ ಬಂದಿದ್ದರು. ರಜೆ ಹಾಕಿ, ಕೈಯಿಂದ ದುಡ್ಡು ಹಾಕಿ, ಗೆಳೆಯರನ್ನು ಕಟ್ಟಿಕೊಂಡು ಹೊರಡುತ್ತಿದ್ದರು. ಕೈರೋದ ಗುಜರಿಯಲ್ಲಿ ಸಿಕ್ಕ ಉಕ್ಕಿನ ತೊಟ್ಟಿಯಾಕಾರದ ಪಟ್ಟಿಗಳು, ಯುದ್ಧದ ಬಂಕರುಗಳಿಗೆ ಮಾಡು ಹೊದಿಸಲು ಮಾಡಿದ್ದವು, ಹೂತ ಚಕ್ರದ ಕೆಳಗೆ ತೂರಿಸಲು ಒದಗಿದವು. ಇಂದಿಗೂ ನಮ್ಮಲ್ಲಿ ಮರಳಿಗೆ ಹೋಗುವವರು ಗಾಡಿಯ ಪಕ್ಕಕ್ಕೆ ಕಟ್ಟಿಕೊಳ್ಳುವ ಪ್ಲಾಸ್ಟಿಕ್ ಹಲಗೆಗಳ ಹಿರಿಯಜ್ಜ ಅದೇ. ಸಡಿಲ ಮರಳು ಬಂದಾಗ ಟಯರಿನ ಗಾಳಿ ಇಳಿಸುವ ರೂಢಿಗೂ ಬ್ಯಾಗ್ನಾಲ್ಡರ ಹೆಸರನ್ನೇ ಹೇಳುತ್ತಾರೆ.

1930ರಲ್ಲಿ ಅಯ್ನ್ ದಾಲ್ಲಾ ಎಂಬ ಚಿಲುಮೆಯಿಂದ ಪಶ್ಚಿಮಕ್ಕೆ ಹೊರಟಾಗ ಎದುರಿಗೆ ಬಂದ ದೊಡ್ಡ ದಿಬ್ಬಕ್ಕೆ ಬ್ಯಾಗ್ನಾಲ್ಡ್ ಸುಮಾರು 40 ಮೈಲಿ ವೇಗದಲ್ಲಿ ಕಾರು ನುಗ್ಗಿಸಿದರು. ಡಿಕ್ಕಿಯಾಗಬೇಕಿತ್ತು, ಹೂತುಹೋಗಬೇಕಿತ್ತು. ಕಾರು ಮೆಲ್ಲಗೆ ಮೇಲೆದ್ದು ದಿಬ್ಬದ ನೆತ್ತಿಗೆ ಬಂದು ನಿಂತಿತು. ಒಂಟೆ ದಾಟದ ಸಾಲನ್ನು ಕಾರು ದಾಟಿತು.

ಯಾಕೆ ಎಂದು ಕೇಳದೆ ಅವರು ಬಿಡಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದೇ ಇದರಿಂದ. ಸೇನೆ ಬಿಟ್ಟ ಮೇಲೆ ಲಂಡನ್ನಿನಲ್ಲಿ ಗಾಳಿ ಸುರಂಗ ಕಟ್ಟಿ, ಮರಳಿನ ಕಣ ಹೇಗೆ ನೆಗೆಯುತ್ತದೆ, ಹೇಗೆ ಬಿದ್ದು ಕೂರುತ್ತದೆ ಎಂದು ಅಳೆದರು. 1941ರಲ್ಲಿ ಅವರ ‘ದಿ ಫಿಸಿಕ್ಸ್ ಆಫ್ ಬ್ಲೋನ್ ಸ್ಯಾಂಡ್ ಅಂಡ್ ಡೆಸರ್ಟ್ ಡ್ಯೂನ್ಸ್’ ಹೊರಬಂತು. ಗಾಳಿಗೆ ಮುಖಮಾಡಿದ ಮೈಯಲ್ಲಿ ಕಣ ಕಣವೂ ಬಡಿದು ಕೂತು ಮರಳು ಬಿಗಿಯಾಗಿರುತ್ತದೆ. ಮರೆಯ ಕಡೆ ಜಾರಿಬಿದ್ದ ಮರಳು 34 ಡಿಗ್ರಿಯ ಸುಮಾರಿಗೆ ನಿಂತಿರುತ್ತದೆ, ಒಳಗೆಲ್ಲ ಸಡಿಲ. ಕಣ್ಣಿಗೆ ಎರಡೂ ಒಂದೇ ಬಣ್ಣ. ಬಿಗಿ ಮೈಗೂ ತಾಳಿಕೆಗೆ ಒಂದು ಮಿತಿ ಇದೆ. ಒತ್ತಡ ಅದನ್ನು ಮೀರಿತೋ, ಚಕ್ರ ಮೇಲ್ಮೈ ಒಡೆದು ಒಳಗೆ ಹೋಗುತ್ತದೆ.

ಲೆಕ್ಕ ಸರಳ. ಎರಡು ಟನ್ ಗಾಡಿಯ ಒಂದು ಚಕ್ರದ ಮೇಲೆ 500 ಕಿಲೋ ಎಂದಿಟ್ಟುಕೊಳ್ಳಿ. 30 ಪೌಂಡ್ ಗಾಳಿಯಲ್ಲಿ ಆ ಭಾರ ಸುಮಾರು 240 ಚದರ ಸೆಂಟಿಮೀಟರ್ ನೆಲದ ಮೇಲೆ ಕೂರುತ್ತದೆ. 15ಕ್ಕೆ ಇಳಿಸಿದರೆ 475. ಟಯರಿನ ಗೋಡೆಯ ಗಡಸುತನದಿಂದ ಸ್ವಲ್ಪ ಆಚೀಚೆ ಆದೀತು. ಕೆಸರುಗದ್ದೆಗೆ ಹಲಗೆ ಹಾಸಿ ನಡೆದ ಹಾಗೆ. ಟಯರು ಅಗಲಕ್ಕೆ ಉಬ್ಬುವುದರಿಂದ ಲಾಭ ಎಂದು ತುಂಬ ಜನ ತಿಳಿದಿದ್ದಾರೆ; ನಿಜವಾಗಿ ಬೆಳೆಯುವುದು ಉದ್ದ. ಹಿಂದು ಮುಂದಕ್ಕೆ ಚಾಚಿದ ಹೆಜ್ಜೆ ಮರಳನ್ನು ಎದುರಿಗೆ ಗುಡ್ಡೆ ಹಾಕದೆ ಅದರ ಮೇಲೆ ಹತ್ತಿ ಹೋಗುತ್ತದೆ.

ಇಷ್ಟು ಸುಲಭವಾಗಿದ್ದರೆ ಎಲ್ಲರೂ ಯಾಕೆ ಇಳಿಸುತ್ತಿರಲಿಲ್ಲ? ನನ್ನ ಉತ್ತರ: ಇಳಿಸುವುದು ನಿಮಿಷದ ಕೆಲಸ, ಮತ್ತೆ ತುಂಬುವುದು ತೋಳಿನ ಕೆಲಸ. ಲಿಬಿಯಾ ಮರುಭೂಮಿ ಬರೀ ಮರಳಲ್ಲ. ದಿಬ್ಬ ಮುಗಿದರೆ ಜಲ್ಲಿಯ ಬಯಲು, ಅದು ಮುಗಿದರೆ ಗಿಲ್ಫ್ ಕೆಬೀರ್‌ನಂಥ ಚೂಪುಕಲ್ಲಿನ ನಾಡು. ಮೆತ್ತಗಿನ ಟಯರಿನಲ್ಲಿ ಕಲ್ಲಿನ ಮೇಲೆ ಹೋದರೆ ಗೋಡೆ ಸೀಳುತ್ತದೆ, ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಜಜ್ಜುತ್ತದೆ. ಗಾಳಿ ತೀರ ಕಮ್ಮಿಯಾದರೆ ಟಯರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವನ್ನು ಬುಡಸಮೇತ ಕಿತ್ತುಹಾಕುತ್ತದೆ. ಹಾಗಾಗಿ ಮರಳಿನಿಂದ ಹೊರಬಂದ ಪ್ರತಿ ಸಲವೂ ಗಾಳಿ ತುಂಬಲೇಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿಗೆ ತಿರುಗಿಸುವ ಪಂಪುಗಳು ಆಗಲೇ ಬಂದಿದ್ದವು. ಇಲ್ಲದವರಿಗೆ ಕೈಪಂಪೇ ಗತಿ. ಕುಡಿಯುವ ನೀರಿಗೆ ಅಳತೆ ಇರುವಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ನಾಲ್ಕು ಚಕ್ರಕ್ಕೆ ಕೈಪಂಪು ಹೊಡೆದವರ ಬೆವರು ಯಾವ ನಕ್ಷೆಯಲ್ಲೂ ಇಲ್ಲ. ಸರಿಯಾದ ಗಾಳಿ ಯಾವುದೆಂದು ತೀರ್ಮಾನಿಸಿದ್ದು ವಿಜ್ಞಾನದಷ್ಟೇ ಪಂಪು ಕೂಡ ಎಂದು ನಾನು ನಂಬಿದ್ದೇನೆ.

1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. ಕೈರೋದಲ್ಲಿ ಬ್ರಿಟಿಷ್ ಸೇನೆಯ ಜನರಲ್ ವೇವೆಲ್, ಮತ್ತೆ ಸೇನೆಗೆ ಮರಳಿದ್ದ ಬ್ಯಾಗ್ನಾಲ್ಡರಿಗೆ ಪಡೆ ಕಟ್ಟಲು ಆರು ವಾರ ಕೊಟ್ಟರು. ಅದು ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್. ಮೊದಲು ಸೇರಿದವರಲ್ಲಿ ನ್ಯೂಜಿಲೆಂಡಿನವರೇ ಹೆಚ್ಚು. ಹಿಂಚಕ್ರದ ಎಳೆತವಷ್ಟೇ ಇದ್ದ ಷೆವರ್ಲೆ ಲಾರಿಗಳಿಗೆ ಅಗಲದ ಟಯರು ಹಾಕಿ, ಪೆಟ್ರೋಲು, ನೀರು, ಬಂದೂಕು ಹೇರಿಕೊಂಡು ಶತ್ರುವಿನ ಬೆನ್ನಹಿಂದೆ ಸಾವಿರಾರು ಮೈಲಿ ತಿರುಗಿದರು. ಆಮೇಲೆ ಭಾರತೀಯ ಅಶ್ವದಳಗಳಿಂದ ಆಯ್ದವರ ಇಂಡಿಯನ್ ಲಾಂಗ್ ರೇಂಜ್ ಸ್ಕ್ವಾಡ್ರನ್ ಕೂಡ ಅವರ ಜೊತೆ ಕೆಲಸ ಮಾಡಿತು. ಆ ಜಾಟ, ಸಿಖ್, ರಜಪೂತ, ಮುಸ್ಲಿಂ ಸೈನಿಕರ ಕೈಗಳೂ ಆ ವಾಲ್ವುಗಳನ್ನು ತಿರುಗಿಸಿವೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅವರಿಗೆ ಒಂದು ಸಾಲಾದರೂ ಇರಬೇಕಿತ್ತು.

ಪಂಪಿನ ಗೋಳು ತೀರಿದ್ದು ಅದೇ ಯುದ್ಧದಲ್ಲಿ, ಮರುಭೂಮಿಯಲ್ಲಲ್ಲ, ಕಡಲ ತೀರದಲ್ಲಿ. 1942ರಲ್ಲಿ ಅಮೆರಿಕನ್ನರು ನೀರಿನಲ್ಲೂ ನೆಲದಲ್ಲೂ ಓಡುವ ಡಕ್ ಎಂಬ ಲಾರಿ ತಯಾರಿಸಿದರು. ನೀರಿನಿಂದ ಮರಳಿಗೆ, ಮರಳಿನಿಂದ ರಸ್ತೆಗೆ ಏರುವ ಗಾಡಿ ಅದು. ಒಂದೇ ಗಾಳಿ ಎಲ್ಲಕ್ಕೂ ಆಗದು. ಫ್ರ್ಯಾಂಕ್ ಸ್ಪೀರ್ ಎಂಬ ಎಂಜಿನಿಯರ್ ರೂಪಿಸಿದ ಏರ್ಪಾಟಿನಿಂದ ಚಾಲಕ ಸೀಟಿನಲ್ಲಿ ಕೂತೇ, ಚಕ್ರ ಉರುಳುತ್ತಿರುವಾಗಲೇ, ಗಾಳಿ ಇಳಿಸಿ ಏರಿಸುವಂತಾಯಿತು.

ಈಗ ಇಲ್ಲಿ ಹತ್ತ ರಸ್ತೆಯ ಅಲ್ ಬದಾಯರ್ ಕೆಂಪು ದಿಬ್ಬಕ್ಕೆ ಶುಕ್ರವಾರ ಹೊರಟವರು, ಮಂಗಳೂರು, ಉಡುಪಿ, ಭಟ್ಕಳದ ಹುಡುಗರು, ಅಂಗಡಿಗೆ ಬಂದು ಕೇಳುವುದು ಒಂದೇ: “ಎಷ್ಟು ಗಾಳಿ ಇಡ್ಲಿ?” 15ರಿಂದ ಶುರುಮಾಡಿ ಎನ್ನುತ್ತೇನೆ. ಹೂತರೆ 12. ಹತ್ತರ ಕೆಳಗೆ ಹೋದರೆ ತಿರುವಿನಲ್ಲಿ ಟಯರು ರಿಮ್ ಬಿಡಬಹುದು, ಹಾಗಾಗಿ ತಿರುವು ನಿಧಾನ. ಬೆಳಗಿನ 15 ಡಿಗ್ರಿ ಚಳಿಯಲ್ಲಿ 15 ಪೌಂಡ್ ಇಟ್ಟದ್ದು ಟಯರು 45 ಡಿಗ್ರಿಗೆ ಕಾದಾಗ 18 ತೋರಿಸುತ್ತದೆ. ಮಧ್ಯಾಹ್ನ ಮತ್ತೆ ಅಳೆಯಬೇಕು. ಇದು ಖಾಲಿ ಗಾಡಿಯ ಮಾತು. ಹಿಂದೆ ನೀರು, ಡೇರೆ, ನಾಲ್ಕು ಜನ ಇದ್ದರೆ ಹಿಂದಿನ ಟಯರಿನ ಲೆಕ್ಕ ಬೇರೆ. ಆಗ ನಾನು ಮೀಟರಿಗಿಂತ ಬೆರಳನ್ನು ನಂಬುತ್ತೇನೆ. ಗಟ್ಟಿ ನೆಲದಲ್ಲಿ ನಿಲ್ಲಿಸಿ ರಿಮ್ಮಿನ ಅಂಚಿನಿಂದ ನೆಲಕ್ಕೆ ಎಷ್ಟು ಬೆರಳು ಎಂದು ಮೊದಲು ಅಳೆಯುವುದು, ಅದು ಮುಕ್ಕಾಲು ಆಗುವ ತನಕ ಗಾಳಿ ಬಿಡುವುದು, ಆಮೇಲೆ ಮೀಟರು ಹಚ್ಚಿ ಬಂದ ಅಂಕಿಯನ್ನು ಸೀಮೆಸುಣ್ಣದಲ್ಲಿ ಚಕ್ರದ ಮೇಲ್ಗಡೆ ಬರೆದುಕೊಡುವುದು. ಮುಂದಿನದು ಒಂದು ಅಂಕಿ, ಹಿಂದಿನದು ಇನ್ನೊಂದು.